ಸ್ವಲ್ಪ ಬುದ್ಧಿ ಹೇಳಿ ಮೇಡಂ

ಶಾಲೆ ಶುರುವಾಗಿ ಒಂದು ತಿಂಗಳು ಕಳೆಯುವಷ್ಟರಲ್ಲಿ ಒಬ್ಬೊಬ್ಬರೇ ಬರತೊಡಗುತ್ತಾರೆ. ಸ್ಟಾಫ್ ರೂಮಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಮಗನನ್ನು ಮುಂದಕ್ಕೆ ತಳ್ಳಿ, ಎಲ್ಲರೂ ಹೇಳುವ ಮಾತು ಒಂದೇ. ‘ಸ್ವಲ್ಪ ಬುದ್ಧಿ ಹೇಳಿ ಮೇಡಂ.’

ಹುಡುಗ ನೆಲ ನೋಡುತ್ತಿರುತ್ತಾನೆ. ಐದು ನಿಮಿಷ ಹೀಗೆ ತಲೆ ತಗ್ಗಿಸಿ ನಿಂತರೆ ಮುಗೀತು ಅಂತ ಅವನಿಗೆ ಗೊತ್ತು. ನಾನು ಬುದ್ಧಿ ಹೇಳುತ್ತೇನೆ. ಹೇಳದಿದ್ದರೆ ಅಪ್ಪನಿಗೆ ಬೇಜಾರು. ಹೇಳಿ ಮುಗಿಸಿದ ಮೇಲೆ ಅಪ್ಪ ಮಗನ ಬ್ಯಾಗನ್ನು ತಮ್ಮ ಹೆಗಲಿಗೆ ಹಾಕಿಕೊಂಡು ಕ್ಲಾಸಿನ ಬಾಗಿಲ ತನಕ ಬಿಟ್ಟು ಬರುತ್ತಾರೆ. ಒಂಬತ್ತನೇ ಕ್ಲಾಸಿನ ಹುಡುಗ. ಮೀಸೆ ಚಿಗುರುತ್ತಿದೆ.

ತಿಪಟೂರು ಕಡೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ 26 ವರ್ಷದಿಂದ ಗಣಿತ ಹೇಳಿಕೊಡುತ್ತಿದ್ದೇನೆ. ಇಷ್ಟು ವರ್ಷದಲ್ಲಿ ಎಷ್ಟು ಸಲ ಬುದ್ಧಿ ಹೇಳಿದ್ದೇನೋ ಲೆಕ್ಕವಿಲ್ಲ. ಅದರಿಂದ ಒಬ್ಬ ಹುಡುಗನಾದರೂ ಸರಿಹೋದ ಅಂತ ಎದೆ ಮುಟ್ಟಿಕೊಂಡು ಹೇಳಲಾರೆ. ಸರಿಹೋದವರು ಬೇಕಾದಷ್ಟು ಜನ ಇದ್ದಾರೆ. ಆದರೆ ಅವರು ಸರಿಹೋಗಿದ್ದು ನಲ್ಲಿ ಹತ್ತಿರ, ಪೊರಕೆ ಹಿಡಿದಾಗ, ಆಟದಲ್ಲಿ ಔಟಾಗಿ ತುಟಿ ಕಚ್ಚಿಕೊಂಡು ಬಂದು ಕೂತಾಗ. ನನ್ನ ಭಾಷಣದ ಹೊತ್ತಿನಲ್ಲಂತೂ ಅಲ್ಲ.

ಇದು ನನ್ನೊಬ್ಬಳ ಗೊಣಗಾಟ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ 1920ರ ದಶಕದಲ್ಲಿ ಹಾರ್ಟ್‌ಶೋರ್ನ್ ಮತ್ತು ಮೇ ಎಂಬ ಇಬ್ಬರು ಸಂಶೋಧಕರು ಸಾವಿರಾರು ಶಾಲಾ ಮಕ್ಕಳನ್ನು ಗುಟ್ಟಾಗಿ ಪರೀಕ್ಷೆ ಮಾಡಿದರು. ಉತ್ತರ ಪತ್ರಿಕೆಯನ್ನು ಮಕ್ಕಳ ಕೈಗೇ ಕೊಟ್ಟು ತಿದ್ದಿಕೊಳ್ಳಿ ಅನ್ನುವುದು, ಚಿಲ್ಲರೆ ಕಾಸು ಇಟ್ಟ ಡಬ್ಬಿ ಕೊಟ್ಟು ಸುಮ್ಮನಿರುವುದು, ಹೀಗೆ. ನೀತಿಪಾಠ ಜಾಸ್ತಿ ಕೇಳಿದ ಮಕ್ಕಳು ಜಾಸ್ತಿ ಪ್ರಾಮಾಣಿಕರಾಗಿ ಕಾಣಲೇ ಇಲ್ಲ. ಇನ್ನೂ ಒಂದು ವಿಷಯ ಕಂಡಿತು. ಒಂದು ಕಡೆ ಮೋಸ ಮಾಡಿದ ಹುಡುಗ ಇನ್ನೊಂದು ಕಡೆ ನೆಟ್ಟಗಿದ್ದ. ಅಂದರೆ ಒಳ್ಳೆಯತನ ಅನ್ನುವುದು ಲಸಿಕೆ ಥರ ಒಂದು ಸಲ ಚುಚ್ಚಿಸಿದರೆ ಎಲ್ಲ ಕಡೆ ಕೆಲಸ ಮಾಡುವುದಿಲ್ಲ. ನಲ್ಲಿ ಹತ್ತಿರ ಕಲಿಯಬೇಕಾದ್ದನ್ನು ನಲ್ಲಿ ಹತ್ತಿರವೇ ಕಲಿಯಬೇಕು. ಆ ಅಧ್ಯಯನದ ಮೇಲೆ ಆಮೇಲೆ ಚರ್ಚೆಗಳೂ ನಡೆದಿವೆ, ಎಲ್ಲವೂ ಒಪ್ಪಿತ ಅಂತ ನಾನು ಹೇಳುತ್ತಿಲ್ಲ. ನನ್ನ ಅನುಭವಕ್ಕೆ ಮಾತ್ರ ಸರಿಯಾಗಿ ಹೊಂದುತ್ತದೆ.

ಈಗ ಪೊರಕೆ ವಿಷಯ.

ನಮ್ಮ ಶಾಲೆಯಲ್ಲಿ ಮಕ್ಕಳು ತಮ್ಮ ತರಗತಿಯನ್ನು ತಾವೇ ಗುಡಿಸುತ್ತಾರೆ. ಇದು ಯಾವ ಆದರ್ಶದಿಂದ ಶುರುವಾದದ್ದೂ ಅಲ್ಲ. ಜವಾನರ ಹುದ್ದೆ ಖಾಲಿ ಇತ್ತು, ಇವತ್ತಿಗೂ ಖಾಲಿ ಇದೆ, ಅಷ್ಟೇ. ಬಿ.ಎಡ್ ಓದುವಾಗ 1937ರ ವಾರ್ಧಾ ಸಮ್ಮೇಳನ, ಕೈಕೆಲಸದ ಮೂಲಕ ಕಲಿಸುವ ಗಾಂಧೀಜಿಯ ಮೂಲ ಶಿಕ್ಷಣ ಅಂತ ಹತ್ತು ಅಂಕಕ್ಕೆ ಬರೆದಿದ್ದೆ. ಬರೆದದ್ದು ಪರೀಕ್ಷೆ ಹಾಲಿನಲ್ಲೇ ಉಳಿಯಿತು. ನನಗೆ ಪಾಠ ಕಲಿಸಿದ್ದು ಖಾಲಿ ಹುದ್ದೆ.

ನಾನು ಈ ಶಾಲೆಗೆ ಬಂದಾಗ ಹುಡುಗಿಯರು ಗುಡಿಸುತ್ತಿದ್ದರು, ಹುಡುಗರು ಬೆಂಚು ಎತ್ತಿ ಕೊಡುತ್ತಿದ್ದರು. ಬೆಂಚು ಎತ್ತುವುದು ಎರಡು ನಿಮಿಷದ ಕೆಲಸ. ಆಮೇಲೆ ಅವರು ಕಿಟಕಿ ಹತ್ತಿ ಕೂರುತ್ತಿದ್ದರು. ಒಂದು ಸೋಮವಾರ ಪಟ್ಟಿ ಬದಲಾಯಿಸಿದೆ. ಹುಡುಗರು, ಹುಡುಗಿಯರು ಎಲ್ಲರದ್ದೂ ಒಂದೇ ಪಟ್ಟಿ, ದಿನಕ್ಕೆ ಐದು ಜನ. ಕಣ್ಣಿನ ದೋಷ, ಅಸ್ತಮಾ ಇದ್ದವರನ್ನು ಬಿಟ್ಟು ಯಾರಿಗೂ ವಿನಾಯಿತಿ ಇಲ್ಲ.

ಪಟ್ಟಿ ಯಾಕೆ ಅಂದರೆ, ಕೆಲವು ಊರುಗಳಲ್ಲಿ ‘ಯಾರಾದರೂ ಒಬ್ಬ ಬಂದು ಗುಡಿಸ್ರೋ’ ಅಂದರೆ ಪೊರಕೆ ಯಾವ ಕೇರಿಯ ಹುಡುಗನ ಕೈಗೆ ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತು. ಯಾರೂ ಬಾಯಿ ಬಿಡುವುದಿಲ್ಲ. ಹಾಗಾಗಿ ‘ಯಾರಾದರೂ’ ಅನ್ನುವ ಪದವೇ ನಮ್ಮ ಶಾಲೆಯಲ್ಲಿ ಇಲ್ಲ. ನಂಬರ್ ಇದೆ. ನಿನ್ನ ನಂಬರ್ ಬಂತು, ನೀನು ಗುಡಿಸು.

ಮೊದಲ ವಾರ ಎಂಟನೇ ಕ್ಲಾಸಿನ ಒಬ್ಬ ಹುಡುಗನ ಪಾಳಿ. ಗಟ್ಟಿಮುಟ್ಟಾದ ಹುಡುಗ. ಮನೆಯಲ್ಲಿ ತೋಟ ಇದೆ, ಅಲ್ಲಿ ಗರಿ ಎಳೆದು ಹಾಕಿ ರೂಢಿ. ಆದರೆ ಪೊರಕೆ ಹಿಡಿದಿದ್ದು ಅವತ್ತೇ ಮೊದಲು. ಕಡ್ಡಿ ಪೊರಕೆಯನ್ನು ಕ್ರಿಕೆಟ್ ಬ್ಯಾಟಿನ ಥರ ಎರಡೂ ಕೈಯಲ್ಲಿ ಹಿಡಿದ. ಗಾಳಿಗೆ ಎದುರಾಗಿ ಗುಡಿಸಿದ. ಸೀಮೆಸುಣ್ಣದ ಪುಡಿ, ಪೆನ್ಸಿಲ್ ಸಿಪ್ಪೆ, ಯಾರೋ ಕದ್ದು ತಿಂದ ಕಡಲೆಕಾಯಿ ಸಿಪ್ಪೆ, ಎಲ್ಲ ಎದ್ದು ಅವನ ಮುಖಕ್ಕೇ ಬಂತು. ಹುಡುಗಿಯರು ಬಿದ್ದು ಬಿದ್ದು ನಕ್ಕರು. ಅವನ ಕಿವಿ ಕೆಂಪಾಯಿತು. ಪೊರಕೆ ಎಸೆದು ಹೋಗುತ್ತಾನೇನೋ ಅಂತ ನಾನು ಬಾಗಿಲಲ್ಲೇ ನಿಂತಿದ್ದೆ. ಅಷ್ಟರಲ್ಲಿ ಒಬ್ಬ ಹುಡುಗಿ ಮಗ್ಗಿನಲ್ಲಿ ನೀರು ತಂದು ಕೊಟ್ಟಳು. ‘ಮೊದ್ಲು ನೀರು ಚಿಮುಕ್ಸು. ಮೂಲೆಯಿಂದ ಬಾ. ಬೆಂಚ್ ಕೆಳಗಡೆ ಬಗ್ಗು, ನಿಂತ್ಕೊಂಡು ಗುಡ್ಸಿದ್ರೆ ಬರಲ್ಲ.’ ಅವನು ಬಗ್ಗಿದ.

ಮೂರು ವಾರ ಕಳೆದಿರಬೇಕು. ಪಾಠ ಮುಗಿಸಿ ಹೊರಗೆ ಬರುತ್ತಿದ್ದೆ. ಹಿಂದಿನ ಬೆಂಚಿನಿಂದ ಯಾರೋ ಚಾಕೊಲೇಟ್ ಕಾಗದ ಎಸೆದ. ಇದೇ ಹುಡುಗ ಎದ್ದು ನಿಂತು ಕೂಗಿದ, ‘ಲೋ ಎತ್ಕೊಳೋ, ನಾಳೆ ನನ್ ಪಾಳಿ ಕಣೋ!’

ಸ್ವಾರ್ಥ ಅನ್ನುತ್ತೀರಾ? ಇರಲಿ. ನೆಲ ಚೊಕ್ಕಟವಾಗಿರಬೇಕು ಅಂತ ಹದಿಮೂರು ವರ್ಷದ ಹುಡುಗನಿಗೆ ಮೊದಲ ಸಲ ಅನಿಸಿದ್ದು ತನ್ನ ಸೊಂಟ ನೋವಿನಿಂದ. ಇದೇ ಮಾತನ್ನು ನಾನು ಸ್ವಚ್ಛತೆಯ ಮೇಲೆ ಮುಕ್ಕಾಲು ಗಂಟೆ ಮಾತಾಡಿ ಹೇಳಿದ್ದರೆ ಆ ಚಾಕೊಲೇಟ್ ಕಾಗದ ಅಲ್ಲೇ ಬಿದ್ದಿರುತ್ತಿತ್ತು.

ಊರಿನ ದೊಡ್ಡವರೊಬ್ಬರು ಆ ತಿಂಗಳೇ ಬಂದರು. ‘ನಮ್ಮ ಹುಡುಗನ ಕೈಲಿ ಕಸ ಗುಡಿಸ್ತೀರಂತೆ?’ ಅಂದರು. ಹೌದು ಗೌಡ್ರೆ, ಮಂಗಳವಾರ ಅವನ ಪಾಳಿ, ಅಂದೆ. ಮನೆಯಲ್ಲಿ ಒಂದು ಲೋಟ ಎತ್ತಿಡದ ಹುಡುಗ ಅಂತ ಹೇಳಿದರು. ಅದನ್ನು ಹೆಮ್ಮೆಯಿಂದ ಹೇಳಿದರು ನೋಡಿ, ನನಗೆ ಸಿಟ್ಟು ಬಂದಿದ್ದು ಆಗ. ಇದೇ ಮನುಷ್ಯ ಎರಡು ವಾರದ ಹಿಂದೆ ಶಾಲೆಯ ವಾಟ್ಸಾಪ್ ಗ್ರೂಪಿಗೆ ಜಪಾನಿನ ಮಕ್ಕಳು ಶಾಲೆಯ ಕಾರಿಡಾರ್ ಒರೆಸುವ ವಿಡಿಯೋ ಕಳಿಸಿದ್ದರು. ಕೆಳಗೆ, ‘ನಮ್ಮ ದೇಶ ಯಾವಾಗ ಹೀಗಾಗುತ್ತೋ’. ನಾನು ಮೊಬೈಲ್ ತೆಗೆದು ಅದನ್ನೇ ತೋರಿಸಿದೆ. ನಕ್ಕರು, ಕಾಫಿ ಕುಡಿದು ಹೋದರು. ಪಾಪ, ಕೆಟ್ಟವರಲ್ಲ. ಮಗ ಮಂಗಳವಾರ ಗುಡಿಸಿದ.

ಇಲ್ಲಿ ಎರಡು ಎಚ್ಚರಿಕೆ ಹೇಳಲೇಬೇಕು, ಇಲ್ಲದಿದ್ದರೆ ಯಾರಾದರೂ ತಪ್ಪು ತಿಳಿದುಕೊಂಡು ನನ್ನ ಮೇಲೇ ಬರುತ್ತಾರೆ. ತಮ್ಮ ತರಗತಿ ಗುಡಿಸುವುದು ಬೇರೆ, ಮಕ್ಕಳ ಕೈಲಿ ಶೌಚಾಲಯ ತೊಳೆಸುವುದು ಬೇರೆ. ಎರಡನೆಯದು ಕೂಡದು, ಇಲಾಖೆಯೂ ಸ್ಪಷ್ಟವಾಗಿ ಬೇಡ ಅಂದಿದೆ. ಇನ್ನೊಂದು ಶಿಕ್ಷಕರಿಗೆ. ತಡವಾಗಿ ಬಂದವನಿಗೆ ‘ಹೋಗಿ ಮೈದಾನದ ಪೇಪರ್ ಆರಿಸು’ ಅನ್ನುವ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕಿದೆ. ದಯವಿಟ್ಟು ಬಿಡಿ. ಕೆಲಸವನ್ನು ಶಿಕ್ಷೆ ಮಾಡಿದ ದಿನವೇ ಅದು ಅವಮಾನ ಆಗುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆತವನ್ನಷ್ಟೇ ನಿಷೇಧಿಸಿಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ ಅನ್ನುವುದು ನೆನಪಿರಲಿ.

ಊಟದ ತಟ್ಟೆಯ ಕಥೆ ಇದರ ತಮ್ಮ ಇದ್ದ ಹಾಗೆ. ಅಕ್ಷರ ದಾಸೋಹ 2002ರಲ್ಲಿ ಉತ್ತರದ ಜಿಲ್ಲೆಗಳಲ್ಲಿ ಶುರುವಾಗಿ ಆಮೇಲೆ ನಮ್ಮ ಕಡೆಗೂ ಬಂತು. ಅನ್ನ ಸಾರು, ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು, ಎಲ್ಲ ಸರಿ. ಊಟ ಆದಮೇಲೆ ನಲ್ಲಿ ಮುಂದೆ ನಿಂತು ನೋಡಿ. ಒಂದು ಹುಡುಗಿ ಎರಡು ತಟ್ಟೆ ತೊಳೆಯುತ್ತಿದ್ದರೆ, ಇನ್ನೊಂದು ತಮ್ಮನದ್ದು ಅಂತ ತಿಳಿಯಿರಿ. ತಮ್ಮ ಆಗಲೇ ಮೈದಾನದಲ್ಲಿ. ಇದನ್ನು ನಿಲ್ಲಿಸಿದಾಗ ಅವರಮ್ಮ ಹೇಳಿದ್ದು, ‘ಅವಳು ಹೇಗೂ ತೊಳೀತಾಳಲ್ವಾ ಮೇಡಂ, ಒಂದ್ ತಟ್ಟೆ ಜಾಸ್ತಿ ಅಷ್ಟೇ.’ ಆ ತಾಯಿಯೂ ಇಪ್ಪತ್ತು ವರ್ಷದಿಂದ ‘ಒಂದ್ ತಟ್ಟೆ ಜಾಸ್ತಿ’ ತೊಳೆದವರೇ. ನನಗೆ ಮುಂದೆ ಮಾತು ಬರಲಿಲ್ಲ. ಹುಡುಗ ಈಗ ತನ್ನ ತಟ್ಟೆ ತಾನೇ ತೊಳೆಯುತ್ತಾನೆ. ಹಿಂಭಾಗದಲ್ಲಿ ಜಿಡ್ಡು ಉಳಿಯುತ್ತದೆ. ಉಳಿಯಲಿ.

ಎಲ್ಲಕ್ಕಿಂತ ಜಾಸ್ತಿ ತಲೆಕೆಡಿಸುವುದು ಇನ್ನೊಂದಿದೆ. ಅದನ್ನು ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಎಷ್ಟು ಸಲ ಹೇಳಿದರೂ ನಮ್ಮ ಪೋಷಕರಿಗೆ ಇದೊಂದು ಇಳಿಯುವುದಿಲ್ಲ.

ಬೆಳಗ್ಗೆ ಮೊದಲ ಪೀರಿಯಡ್ ಅರ್ಧ ಆಗಿರುತ್ತದೆ. ಗೇಟಿನ ಹತ್ತಿರ ಒಂದು ಟಿವಿಎಸ್ ಎಕ್ಸೆಲ್ ಬಂದು ನಿಲ್ಲುತ್ತದೆ. ಅಮ್ಮ ಅಥವಾ ಅಪ್ಪ. ಕೈಯಲ್ಲಿ ಜಾಮಿಟ್ರಿ ಬಾಕ್ಸ್, ಇಲ್ಲವೇ ಹೋಂವರ್ಕ್ ಪುಸ್ತಕ, ಇಲ್ಲವೇ ನೀರಿನ ಬಾಟಲಿ. ‘ಮರ್ತ್ ಬಂದಿದಾನೆ ಮೇಡಂ.’ ಹುಡುಗ ಎದ್ದು ಹೋಗಿ ತಗೊಂಡು ಬರುತ್ತಾನೆ. ಥ್ಯಾಂಕ್ಸ್ ಇಲ್ಲ. ಕೆಲವೊಮ್ಮೆ ಮುಖದಲ್ಲಿ ಸಿಡುಕು. ಯಾಕೆ ಇಷ್ಟು ಲೇಟು ಅನ್ನುವ ಹಾಗೆ.

ಪೋಷಕರ ಲೆಕ್ಕ ಹೀಗಿದೆ. ಮಗ ಮರೆತ, ನಾವು ತಂದುಕೊಟ್ಟೆವು, ಪಾಠಕ್ಕೆ ತೊಂದರೆ ಆಗಲಿಲ್ಲ, ನಷ್ಟ ಏನೂ ಇಲ್ಲ. ನೆನಪಿಟ್ಟುಕೊಳ್ಳುವುದನ್ನು ಆಮೇಲೆ ಕಲಿಯುತ್ತಾನೆ, ಮೇಡಂ ಸ್ವಲ್ಪ ಬುದ್ಧಿ ಹೇಳಿದರೆ ಆಯಿತು.

ಈ ಲೆಕ್ಕ ತಪ್ಪು. ಗಣಿತದ ಮೇಷ್ಟ್ರು ನಾನು, ಸ್ವಲ್ಪ ಬಿಡಿಸಿ ತೋರಿಸುತ್ತೇನೆ. ಅವನು ನೆನಪಿಟ್ಟುಕೊಳ್ಳುವ ಅಭ್ಯಾಸ ಮಾಡಿಕೊಳ್ಳಲಿಲ್ಲ, ಸರಿ. ಹಾಗಂತ ಸೊನ್ನೆಯಲ್ಲಿ ನಿಂತಿದ್ದಾನೆ ಅಂತಲ್ಲ. ಆ ಹೊತ್ತಿನಲ್ಲೂ ಅವನು ಒಂದು ಅಭ್ಯಾಸ ಮಾಡುತ್ತಲೇ ಇದ್ದ. ಮರೆತರೆ ಯಾರೋ ತರುತ್ತಾರೆ. ತರಲಿಲ್ಲ ಅಂದರೆ ತಪ್ಪು ಅವರದು. ಇದನ್ನು ಅವನು ವಾರಕ್ಕೆ ಎರಡು ಸಲ, ವರ್ಷಕ್ಕೆ ಸುಮಾರು ನಲವತ್ತು ವಾರ, ಆರೇಳು ವರ್ಷ ಅಭ್ಯಾಸ ಮಾಡುತ್ತಾನೆ. ಐನೂರು ಸಲ. ಐನೂರು ಸಲ ಮಾಡಿದ ಲೆಕ್ಕ ಯಾವ ಹುಡುಗನಿಗೆ ಬಾಯಿಪಾಠ ಆಗುವುದಿಲ್ಲ ಹೇಳಿ? ಅವನಿಗೂ ಆಗಿದೆ. ತಪ್ಪು ಲೆಕ್ಕ ಬಾಯಿಪಾಠ ಆಗಿದೆ. ಇದರ ಎದುರು ನನ್ನ ಐದು ನಿಮಿಷದ ಬುದ್ಧಿ ಏನು ಮಾಡೀತು?

ಮತ್ತೆ ಕೇಳುತ್ತೀರಿ, ಹಾಗಾದರೆ ಅವನು ಆ ದಿನ ಪಾಠ ಕಳಕೊಳ್ಳಲಾ ಅಂತ. ಕಳಕೊಳ್ಳುವುದಿಲ್ಲ. ಪಕ್ಕದವನನ್ನು ಕೇಳಬೇಕಾಗುತ್ತದೆ. ‘ಕಂಪಾಸ್ ಕೊಡೋ, ಬರ್ದು ಕೊಡ್ತೀನಿ’ ಅನ್ನಬೇಕಾಗುತ್ತದೆ. ಪಕ್ಕದವನು ಬರೆದು ಮುಗಿಸುವ ತನಕ ಕಾಯಬೇಕಾಗುತ್ತದೆ. ಇಸಕೊಂಡದ್ದನ್ನು ಮುರಿಯದೆ ವಾಪಸ್ ಕೊಡಬೇಕಾಗುತ್ತದೆ. ನನ್ನ ಮುಂದೆ ಬಂದು ‘ಮರ್ತೆ ಮಿಸ್’ ಅನ್ನಬೇಕಾಗುತ್ತದೆ. ನಾನು ಮುಖ ಗಂಟು ಹಾಕುತ್ತೇನೆ, ಅದನ್ನು ನೋಡಬೇಕಾಗುತ್ತದೆ. ಕೇಳುವುದು, ಕಾಯುವುದು, ಒಪ್ಪಿಕೊಳ್ಳುವುದು, ಇನ್ನೊಬ್ಬರ ವಸ್ತು ಜೋಪಾನ ಮಾಡುವುದು. ಎಕ್ಸೆಲ್ ಗಾಡಿ ಬಂದ ತಕ್ಷಣ ಇಷ್ಟೂ ಪಾಠ ರದ್ದು. ಯಾವುದಕ್ಕೆ ನೀವು ಬೇಸಿಗೆ ಶಿಬಿರಕ್ಕೆ ದುಡ್ಡು ಕಟ್ಟುತ್ತೀರೋ ಅದನ್ನೇ ಗೇಟಿನ ಹತ್ತಿರ ವಾಪಸ್ ತಗೊಂಡು ಹೋಗುತ್ತೀರಿ.

ಶಿಬಿರ ಅಂದಾಗ ನೆನಪಾಯಿತು. ‘21 ದಿನ ಮಾಡಿದರೆ ಅಭ್ಯಾಸ ಆಗುತ್ತೆ’ ಅಂತ ಒಂದು ಮಾತು ಎಲ್ಲ ಕಡೆ ಓಡಾಡುತ್ತಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನು ಗಮನಿಸಿ ನೋಡಿದಾಗ, ಒಂದು ಚಿಕ್ಕ ಅಭ್ಯಾಸ ತಾನಾಗಿಯೇ ನಡೆಯುವ ಮಟ್ಟಕ್ಕೆ ಬರಲು ಸುಮಾರು 66 ದಿನ ಹಿಡಿಯಿತು. ಕೆಲವರಿಗೆ 18 ದಿನಕ್ಕೇ ಬಂತು, ಕೆಲವರ ಲೆಕ್ಕ 254ರ ತನಕ ಹೋಯಿತು. ಅವರು ದೊಡ್ಡವರು, ನಮ್ಮ ಎಂಟನೇ ಕ್ಲಾಸಿನವರಲ್ಲ. ಹಾಗಾಗಿ 66 ಅನ್ನುವುದನ್ನು ಗೋಡೆಗೆ ಬರೆದು ಹಾಕಬೇಡಿ. ಆದರೆ ಅದರಲ್ಲಿ ಒಂದು ಒಳ್ಳೆ ಸುದ್ದಿ ಇತ್ತು. ನಡುವೆ ಒಂದು ದಿನ ತಪ್ಪಿದರೆ ಅಂಥ ನಷ್ಟ ಏನೂ ಆಗಲಿಲ್ಲ. ಶಾಲೆ ಹೊರತು ಇನ್ನೆಲ್ಲಿ ಸಿಗುತ್ತೆ ಇಷ್ಟು ದಿನ? ವರ್ಷಕ್ಕೆ 220 ದಿನ ಬರುತ್ತಾನೆ, ಅದೇ ಗಂಟೆ, ಅದೇ ಸಾಲು, ಅದೇ ನಲ್ಲಿ.

‘ಮಠಕ್ಕೆ ಹಾಕ್ತೀವಿ ಮೇಡಂ, ಅಲ್ಲಾದ್ರೆ ಸರಿಹೋಗ್ತಾನೆ’ ಅನ್ನುವವರೂ ಇದ್ದಾರೆ. ನಮ್ಮ ಜಿಲ್ಲೆಯಲ್ಲೇ ಸಿದ್ಧಗಂಗಾ ಇದೆಯಲ್ಲ, ಸಾವಿರಾರು ಮಕ್ಕಳು ಅಲ್ಲಿ ಉಳಿದು ಓದುತ್ತಾರೆ. ಸಂಜೆ ಸಾಮೂಹಿಕ ಪ್ರಾರ್ಥನೆಗೆ ಕೂತ ಆ ಮಕ್ಕಳ ಸಾಲು ನೋಡಿದವರಿಗೆ ಹಾಗನ್ನಿಸುವುದು ಸಹಜ. ಆದರೆ ಯೋಚನೆ ಮಾಡಿ. ಯಾವುದೇ ಹಾಸ್ಟೆಲಿನಲ್ಲಿ ಹುಡುಗ ಬೇಗ ಬದಲಾಗಲು ದೊಡ್ಡ ಕಾರಣ ಏನು? ಅಲ್ಲಿ ಅವನ ಹಾಸಿಗೆ ಮಡಿಸಲು ಅಮ್ಮ ಇಲ್ಲ. ಅದನ್ನೇ ಮನೆಯಲ್ಲಿ ಮಾಡಿದರೆ ಊರು ಬಿಡಿಸಬೇಕಾಗಿಲ್ಲ.

ನನ್ನ ಮನೆಯ ಕಥೆಯನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನ್ಯಾಯ ಅಲ್ಲ. ನನ್ನ ಮಗ ಹತ್ತನೇ ಕ್ಲಾಸಿನಲ್ಲಿದ್ದಾಗ ವಿಜ್ಞಾನದ ರೆಕಾರ್ಡ್ ಪುಸ್ತಕ ಮನೆಯಲ್ಲೇ ಬಿಟ್ಟು ಹೋಗಿದ್ದ. ಅವತ್ತು ನಾನೇ ನಮ್ಮ ಯಜಮಾನರನ್ನು ಸ್ಕೂಟರಿನಲ್ಲಿ ಓಡಿಸಿದೆ. ಮಾರ್ಕ್ಸ್ ಹೋಗುತ್ತಲ್ಲ ಅಂತ ಜೀವ ಹೊಡಕೊಂಡಿತು. ಮುಂದೆ ಅವನು ಮೈಸೂರಿನ ಹಾಸ್ಟೆಲಿನಲ್ಲಿದ್ದಾಗ ಪರೀಕ್ಷೆಯ ಬೆಳಗ್ಗೆ ಫೋನ್. ‘ಅಮ್ಮಾ, ನನ್ ಹಾಲ್ ಟಿಕೆಟ್ ಎಲ್ಲಿದೆ?’ ಅವನ ಬ್ಯಾಗಿನಲ್ಲೇ ಇತ್ತು. ನನಗೆ ಹೇಗೆ ಗೊತ್ತಾಗಬೇಕು ನೂರೈವತ್ತು ಕಿಲೋಮೀಟರ್ ಆಚೆಯಿಂದ? ತಮಾಷೆ ಅಂದರೆ, ಗೊತ್ತಿತ್ತು. ‘ಮುಂದಿನ ಜಿಪ್ಪು ನೋಡೋ’ ಅಂದೆ. ಅಲ್ಲೇ ಇತ್ತು.

ಇನ್ನು ರಜಾ ಚೀಟಿ. ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆಯಲ್ಲಿ ದನಗಳ ಜಾತ್ರೆ. ಮೂರು ದಿನ ಹುಡುಗ ಇಲ್ಲ. ನಾಲ್ಕನೇ ದಿನ ಬರುತ್ತಾನೆ. ಕೈಯಲ್ಲಿ ಚೀಟಿ, ‘ನನ್ನ ಮಗನಿಗೆ ತೀವ್ರ ಜ್ವರ ಇದ್ದ ಕಾರಣ’, ಕೆಳಗೆ ಅಪ್ಪನ ಸಹಿ. ಜೇಬಿನಲ್ಲಿ ಬೆಂಡು ಬತ್ತಾಸು. ನನಗೂ ಎರಡು ಕೊಟ್ಟ, ಮುಗ್ಧ ನನ್ಮಗ. ‘ಜ್ವರ ಬಂದವನಿಗೆ ಬತ್ತಾಸು ಎಲ್ಲಿ ಸಿಕ್ತೋ?’ ಅಂದೆ. ‘ಅಪ್ಪ ಹಂಗೇ ಬರೀ ಅಂದ್ರು ಮಿಸ್.’ ಚೀಟಿಯ ಅಕ್ಷರವೂ ಅವನದೇ. ಅಪ್ಪ ಬರೆಸಿ ಸಹಿ ಹಾಕಿದ್ದರು.

ಜಾತ್ರೆಗೆ ಹೋಗಿದ್ದೆವು ಅಂತ ಬರೆದಿದ್ದರೆ ನಾನೇನು ಶಾಲೆ ಬಿಡಿಸುತ್ತಿದ್ದೆನಾ? ಎತ್ತು ಎಷ್ಟಕ್ಕೆ ಹೋಯಿತು ಅಂತ ಕೇಳುತ್ತಿದ್ದೆ, ಅದರಲ್ಲೇ ಒಂದು ಲಾಭ ನಷ್ಟದ ಲೆಕ್ಕ ಮಾಡಿಸುತ್ತಿದ್ದೆ. ಅದೇ ಅಪ್ಪ ಆರು ತಿಂಗಳು ಬಿಟ್ಟು ಬಂದು ಹೇಳಿದ್ದು, ‘ಇವ್ನು ಇತ್ತೀಚೆಗೆ ತುಂಬಾ ಸುಳ್ಳು ಹೇಳ್ತಾನೆ ಮೇಡಂ. ಸ್ವಲ್ಪ ಬುದ್ಧಿ ಹೇಳಿ.’ ನಾನು ಬೀರುವಿನಲ್ಲಿದ್ದ ಆ ಚೀಟಿ ತೆಗೆದು ತೋರಿಸಬೇಕು ಅಂದುಕೊಂಡೆ. ಹುಡುಗ ಪಕ್ಕದಲ್ಲೇ ಇದ್ದ. ಮಗನ ಎದುರು ಅಪ್ಪನ ಮುಖ ಕೆಡಿಸಬಾರದು ಅಂತ ಸುಮ್ಮನಾದೆ. ಸರಿಯೋ ತಪ್ಪೋ, ಇವತ್ತಿಗೂ ನಿರ್ಧಾರ ಆಗಿಲ್ಲ.

ಒಂದು ಮಾತು ಮರೆಯಬಾರದು. ಚೆನ್ನಾಗಿದ್ದ ಹುಡುಗ ಇದ್ದಕ್ಕಿದ್ದಂತೆ ಮಂಕಾದರೆ, ಊಟ ಬಿಟ್ಟರೆ, ಶಾಲೆ ಅಂದರೆ ಹೊಟ್ಟೆ ನೋವು ಅಂದರೆ, ಎಷ್ಟು ಪ್ರಯತ್ನ ಪಟ್ಟರೂ ಅಕ್ಷರ ಕೂಡಿಸಲು ಆಗದಿದ್ದರೆ, ಅದು ಅಭ್ಯಾಸದ ವಿಷಯ ಅಲ್ಲ. ಯಾರಾದರೂ ಹೊಡೆಯುತ್ತಿರಬಹುದು, ಮನೆಯಲ್ಲಿ ಜಗಳ ಇರಬಹುದು, ಕಲಿಕೆಯ ತೊಂದರೆ ಇರಬಹುದು. ಅಂಥ ಹುಡುಗನಿಗೆ ‘ಮರೆತೆಯಲ್ಲ, ಅನುಭವಿಸು’ ಅಂತ ಬಿಟ್ಟರೆ ಅನ್ಯಾಯ. ಅವನನ್ನು ಮಾತಾಡಿಸಿ, ಬೇಕಾದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ನಾನು ಹೇಳುತ್ತಿರುವುದು ತಿಂದುಂಡು ಚೆನ್ನಾಗಿರುವ, ಕ್ರಿಕೆಟ್ ಟೀಮಿನ ಹನ್ನೊಂದು ಜನರ ಹೆಸರು ನೆನಪಿದ್ದು ಕಂಪಾಸ್ ಮಾತ್ರ ಮರೆಯುವ ಹುಡುಗರ ಬಗ್ಗೆ.

ಅಂಥ ಮಗ ನಿಮ್ಮನೆಯಲ್ಲಿದ್ದರೆ ಈ ಸೋಮವಾರದಿಂದ ಶುರು ಮಾಡಿ. ಹಿಂದಿನ ರಾತ್ರಿ ಬ್ಯಾಗು ಅವನೇ ಜೋಡಿಸಲಿ. ಏನು ಇಟ್ಟ, ಏನು ಬಿಟ್ಟ ಅಂತ ತೆಗೆದು ನೋಡಬೇಡಿ, ಅದು ಬಹಳ ಕಷ್ಟ, ನನಗೂ ಗೊತ್ತು. ಮೊದಲ ವಾರ ಎರಡು ಮೂರು ಸಲ ಏನಾದರೂ ಬಿಟ್ಟು ಬರುತ್ತಾನೆ. ಮೇಜಿನ ಮೇಲೆ ಜಾಮಿಟ್ರಿ ಬಾಕ್ಸ್ ನಿಮ್ಮನ್ನೇ ನೋಡುತ್ತಿರುತ್ತದೆ. ಗಾಡಿಯ ಕೀ ಅಲ್ಲೇ ಇರಲಿ. ನನಗೆ ಫೋನೂ ಮಾಡಬೇಡಿ. ಆ ಹೊತ್ತಿಗೆ ನಾನು ಎಂಟನೇ ಕ್ಲಾಸಿನಲ್ಲಿರುತ್ತೇನೆ, ಎತ್ತುವುದಿಲ್ಲ.